ಗುಳ್ಳೆ, ಕಡೆಗೋಲು, ರಾಗಿ: ಟಾಟಾ ಇನ್‌ಸ್ಟಿಟ್ಯೂಟಿನ ಕೆಮಿಕಲ್ ಎಂಜಿನಿಯರ್‌ಗಳು ಹುಡುಕಿದ್ದೇನು?

ಒಬ್ಬ ಪ್ರೊಫೆಸರ್ ವರ್ಷಗಟ್ಟಲೆ ಗುಳ್ಳೆಗಳ ಬೆನ್ನು ಹತ್ತಿದರು. ಇನ್ನೊಬ್ಬರು ಮೆತ್ತನೆಯ ಗೋಡೆಯ ಕೊಳವೆಯಲ್ಲಿ ನೀರು ಹೇಗೆ ಹರಿಯುತ್ತದೆ ಎಂದು ತಲೆ ಕೆಡಿಸಿಕೊಂಡರು. ಮತ್ತೊಬ್ಬರು ಒಂದರೊಳಗೊಂದು ಎರಡು ಡಬ್ಬಿ ಇಟ್ಟು, ನಡುವೆ ಸಣ್ಣ ಮಣಿ ತುಂಬಿ, ಒಳಗಿನ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದರು. ಮೂವರೂ ಒಂದೇ ವಿಭಾಗದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಮಿಕಲ್ ಎಂಜಿನಿಯರಿಂಗ್ ವಿಭಾಗ. ಹಳೇ ಬೆಂಗಳೂರಿನವರ ಬಾಯಲ್ಲಿ ಆ ಸಂಸ್ಥೆ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್.

ಇಂಥ ವಿಭಾಗಗಳ ಸಾಧನೆಯ ಪಟ್ಟಿಯನ್ನು ನೀವೂ ನೋಡಿರಬಹುದು. ಇಷ್ಟು ಪ್ರಬಂಧ, ಇಷ್ಟು ಪ್ರಶಸ್ತಿ, ಇಂಥ ಅಕಾಡೆಮಿಯ ಫೆಲೋ. ಓದಿದವರಿಗೆ ಗೌರವ ಹುಟ್ಟುತ್ತದೆ, ತಲೆಗೆ ಮಾತ್ರ ಏನೂ ಇಳಿಯುವುದಿಲ್ಲ. ಪ್ರಬಂಧದ ಹೆಸರು ಓದಿದರಂತೂ ಮುಗಿಯಿತು. ಆದರೆ ಆ ಹೆಸರುಗಳ ಸಿಪ್ಪೆ ಸುಲಿದು ನೋಡಿ. ಒಳಗಿರುವುದು ನಮ್ಮ ಅಡುಗೆಮನೆಯ, ನಮ್ಮ ಕಣದ ಪ್ರಶ್ನೆಗಳು. ಎಲ್ಲರಿಗೂ ಗೊತ್ತಿರುವ ಸಂಗತಿ ಎಲ್ಲಿ ನಮ್ಮ ಲೆಕ್ಕಕ್ಕೆ ಸಿಗದೆ ಜಾರುತ್ತದೆ ಎಂದು ಹುಡುಕುವುದೇ ಇವರ ಕಸುಬು.

ಮೊದಲು ಒಂದು ತಪ್ಪು ತಿಳಿವಳಿಕೆ ಪಕ್ಕಕ್ಕಿಡೋಣ. ಕೆಮಿಕಲ್ ಎಂಜಿನಿಯರ್ ಎಂದರೆ ಬಿಳಿ ಕೋಟು ಹಾಕಿಕೊಂಡು ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾಯಿಸುವವರು ಎಂದು ಹಲವರ ಎಣಿಕೆ. ಅದು ಕೆಮಿಸ್ಟ್ ಕೆಲಸ. ಕೆಮಿಕಲ್ ಎಂಜಿನಿಯರ್ ಕೆಲಸ ಮದುವೆಮನೆಯ ಅಡುಗೆ ಭಟ್ಟರದು. ನಾಲ್ಕು ಜನರಿಗೆ ಹುಳಿ ಮಾಡಲು ಬರುವವರಿಗೆಲ್ಲ ನಾಲ್ಕು ನೂರು ಜನರಿಗೆ ಮಾಡಲು ಬರುವುದಿಲ್ಲ. ಬೇಳೆ, ಹುಣಸೆ, ಖಾರದಪುಡಿ ಎಲ್ಲವನ್ನೂ ನೂರರಿಂದ ಗುಣಿಸಿ ಕೊಪ್ಪರಿಗೆಗೆ ಸುರಿದರೆ ತಳ ಸೀದು ಹೋಗುತ್ತದೆ, ಮೇಲೆ ಇನ್ನೂ ಕುದಿಯೇ ಬಂದಿರುವುದಿಲ್ಲ. ಕಾರಣ ಸರಳ. ಪಾತ್ರೆಯ ಎತ್ತರ, ಅಗಲ ಎರಡನ್ನೂ ಎರಡು ಪಟ್ಟು ಮಾಡಿ. ಒಳಗೆ ಹಿಡಿಯುವ ಹುಳಿ ಎಂಟು ಪಟ್ಟಾಗುತ್ತದೆ. ಬಿಸಿ ಒಳಗೆ ಬರಬೇಕಾದ, ಹೊರಗೆ ಹೋಗಬೇಕಾದ ಮೈ ಮಾತ್ರ ನಾಲ್ಕೇ ಪಟ್ಟು. ಪಾತ್ರೆ ದೊಡ್ಡದಾದಷ್ಟೂ ಬಿಸಿಗೆ ದಾರಿ ಸಾಲದಾಗುತ್ತದೆ. ಔಷಧಿ, ಗೊಬ್ಬರ, ಬಣ್ಣ ಯಾವುದೇ ಕಾರ್ಖಾನೆಗೆ ಹೋಗಿ, ಈ ತಾಪತ್ರಯ ಇದ್ದೇ ಇರುತ್ತದೆ.

ಟಾಟಾ ಇನ್‌ಸ್ಟಿಟ್ಯೂಟಿಗೆ ಈ ಕೊಪ್ಪರಿಗೆ ಲೆಕ್ಕ ಹುಟ್ಟಿನಿಂದಲೇ ಗಂಟು ಬಿದ್ದಿತ್ತು. ಸಂಸ್ಥೆ ಹುಟ್ಟಿದ್ದು 1909ರಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಅಲ್ಲಿಯವರೆಗೆ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದದ್ದೇ ತಡ, ಆ ದಾರಿ ಮುಚ್ಚಿತು. ಕೊರಡುಗಳು ಇಲ್ಲೇ ರಾಶಿ ಬಿದ್ದವು. ಆಗ ಇದೇ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧದೆಣ್ಣೆಯನ್ನು ಇಲ್ಲೇ ಬಟ್ಟಿ ಇಳಿಸುವ ಕೆಲಸಕ್ಕೆ ಕೈ ಹಾಕಿದರು. 1916ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಶುರುವಾಯಿತು. ಮೈಸೂರು ಸ್ಯಾಂಡಲ್ ಸೋಪು ಬಂದದ್ದು ಅದರ ಬೆನ್ನಿಗೇ. ಕೆಮಿಕಲ್ ಎಂಜಿನಿಯರಿಂಗ್ ಎಂಬ ಬೋರ್ಡು ಆಗಿನ್ನೂ ಯಾವ ಬಾಗಿಲ ಮೇಲೂ ಇರಲಿಲ್ಲ. ಕೆಲಸ ಮಾತ್ರ ಅದೇ.

ಗುಳ್ಳೆಗೆ ಎರಡು ಹಂತ

ಈಗ ಗುಳ್ಳೆಗೆ ಬರೋಣ. ಗುಳ್ಳೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾ?

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಇರುತ್ತದಲ್ಲ, ಅಲ್ಲಿ ತೊಟ್ಟಿಯ ತಳದಿಂದ ಗಾಳಿ ಊದುತ್ತಾರೆ. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಉಸಿರು ಬೇಕು. ಆ ಉಸಿರು ಗುಳ್ಳೆಯ ಮೈಯಿಂದ ನೀರಿಗೆ ಇಳಿಯಬೇಕು. ಒಂದು ಲೀಟರ್ ಗಾಳಿಯನ್ನು ಒಂದು ಸೆಂಟಿಮೀಟರ್ ಅಗಲದ ಗುಳ್ಳೆಗಳಾಗಿ ಬಿಟ್ಟರೆ ಎಲ್ಲ ಗುಳ್ಳೆಗಳ ಮೈ ಸೇರಿ 0.6 ಚದರ ಮೀಟರ್. ಒಂದು ಸಣ್ಣ ಚಾಪೆಯಷ್ಟು. ಅದೇ ಗಾಳಿಯನ್ನು ಒಂದು ಮಿಲಿಮೀಟರ್ ಗುಳ್ಳೆಗಳಾಗಿ ಬಿಟ್ಟರೆ 6 ಚದರ ಮೀಟರ್. ಒಂದು ಪುಟ್ಟ ಕೋಣೆಯ ನೆಲದಷ್ಟು! ಗಾಳಿ ಅಷ್ಟೇ, ಸಿಗುವ ಮೈ ಹತ್ತು ಪಟ್ಟು. ಆ್ಯಂಟಿಬಯೋಟಿಕ್ ತಯಾರಿಸುವ ತೊಟ್ಟಿಗೂ ಇದೇ ಲೆಕ್ಕ. ಹಾಗಾಗಿ ಇಷ್ಟು ಅಗಲದ ತೂತಿನಿಂದ, ಇಷ್ಟು ಜೋರಾಗಿ ಗಾಳಿ ಬಿಟ್ಟರೆ ಗುಳ್ಳೆ ಎಷ್ಟು ದೊಡ್ಡದಾಗುತ್ತದೆ ಎಂದು ಮೊದಲೇ ಹೇಳಲು ಬಂದರೆ ದುಡ್ಡೂ ಉಳಿಯುತ್ತದೆ, ಕರೆಂಟೂ ಉಳಿಯುತ್ತದೆ.

ಕೇಳಲು ಸುಲಭ. ಆದರೆ 1960ರ ದಶಕದಲ್ಲಿ ಈ ಪ್ರಶ್ನೆಗೆ ಸಿಗುತ್ತಿದ್ದ ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ದ್ರವ ಗಟ್ಟಿಯಾದರೆ ಗುಳ್ಳೆ ದೊಡ್ಡದಾಗುತ್ತದೆ ಎಂದು ಒಬ್ಬರು. ಏನೂ ವ್ಯತ್ಯಾಸ ಇಲ್ಲ ಎಂದು ಇನ್ನೊಬ್ಬರು. ನೀರಿನ ಮೇಲ್ಮೈಯ ಬಿಗಿತವೇ ಮುಖ್ಯ ಎಂದು ಒಬ್ಬರು, ಅದು ಲೆಕ್ಕಕ್ಕೇ ಇಲ್ಲ ಎಂದು ಮತ್ತೊಬ್ಬರು. ಎಲ್ಲರೂ ಪ್ರಯೋಗ ಮಾಡಿಯೇ ಹೇಳುತ್ತಿದ್ದರು. ಆನೆ ಮುಟ್ಟಿದ ಕುರುಡರ ಕಥೆ.

ಈ ಜಗಳವನ್ನು ಒಂದು ಚೌಕಟ್ಟಿಗೆ ತಂದವರು ರಾಜಿಂದರ್ ಕುಮಾರ್ ಮತ್ತು ಎನ್. ಆರ್. ಕೂಳೂರ್. (ಕೂಳೂರು ಎಂದ ಕೂಡಲೇ ಮಂಗಳೂರಿನವರಿಗೆ ಸೇತುವೆ ನೆನಪಾಗುತ್ತದೆ. ಇಲ್ಲಿ ಅದು ವ್ಯಕ್ತಿಯ ಹೆಸರು.) ಅವರ ದೀರ್ಘ ಬರಹ ಬಂದದ್ದು 1970ರಲ್ಲಿ. ನೂರು ಪುಟ ಮೀರಿದ ಬರಹ, ವಿಷಯ ಬರೀ ಗುಳ್ಳೆ ಮತ್ತು ಹನಿ.

ಅವರ ಮಾತು ಅರ್ಥವಾಗಬೇಕಾದರೆ ನಿಮ್ಮ ಮನೆಯ ಸೋರುವ ನಲ್ಲಿ ಸಾಕು. ಹನಿ ಮೊದಲು ನಲ್ಲಿಯ ಬಾಯಿಗೆ ಅಂಟಿಕೊಂಡು ಊದುತ್ತದೆ. ಒಂದು ಹಂತದಲ್ಲಿ ಅದರ ತೂಕ ಹಿಡಿತವನ್ನು ಮೀರುತ್ತದೆ. ಆದರೆ ತಕ್ಷಣ ಬೀಳುವುದಿಲ್ಲ. ಕೆಳಗೆ ಜಗ್ಗುತ್ತದೆ, ನಡುವೆ ಒಂದು ಕತ್ತು ಮೂಡುತ್ತದೆ, ಆ ಕತ್ತು ಸಣ್ಣಗಾಗುತ್ತ ಹೋಗಿ ಕಡಿಯುತ್ತದೆ. ಕತ್ತು ಕಡಿಯುವವರೆಗೂ ಅದರ ಮೂಲಕ ನೀರು ಒಳಗೆ ಬರುತ್ತಲೇ ಇರುತ್ತದೆ.

ಗುಳ್ಳೆಯದೂ ಹೀಗೇ, ತಲೆಕೆಳಗಾಗಿ. ಮೊದಲ ಹಂತದಲ್ಲಿ ಅದು ತೂತಿಗೆ ಕಚ್ಚಿಕೊಂಡು ಬೆಳೆಯುತ್ತದೆ. ಮೇಲಕ್ಕೆ ಎತ್ತುವ ಬಲವೂ ಕೆಳಗೆ ಹಿಡಿದಿಡುವ ಬಲಗಳೂ ಸರಿಸಮ ಆದಾಗ ಆ ಹಂತ ಮುಗಿಯುತ್ತದೆ. ಎರಡನೇ ಹಂತದಲ್ಲಿ ಗುಳ್ಳೆ ತೂತನ್ನು ಬಿಟ್ಟು ಏಳುತ್ತದೆ, ಆದರೆ ಕತ್ತಿನ ಮೂಲಕ ಇನ್ನೂ ಗಾಳಿ ಕುಡಿಯುತ್ತಿರುತ್ತದೆ. ತನ್ನದೇ ತ್ರಿಜ್ಯದಷ್ಟು ದೂರ ಹೋದಾಗ ಕತ್ತು ಕಡಿಯುತ್ತದೆ ಎಂದು ಕುಮಾರ್ ಮತ್ತು ಕೂಳೂರ್ ಇಟ್ಟುಕೊಂಡರು. ಎರಡೂ ಹಂತಗಳಲ್ಲಿ ಸೇರಿದ ಗಾಳಿಯನ್ನು ಕೂಡಿಸಿದರೆ ಗುಳ್ಳೆಯ ಗಾತ್ರ ಸಿಕ್ಕಿತು.

ಗಾಳಿಯನ್ನು ತೀರಾ ಮೆಲ್ಲಗೆ ಬಿಟ್ಟರೆ ಎರಡನೇ ಹಂತದಲ್ಲಿ ಸೇರುವ ಗಾಳಿ ಅಷ್ಟಕ್ಕಷ್ಟೇ. ಆಗ ಮೇಲ್ಮೈ ಬಿಗಿತದ್ದೇ ಯಜಮಾನಿಕೆ. ಜೋರಾಗಿ ಬಿಟ್ಟರೆ ಬಿಗಿತದ ಮಾತು ನಡೆಯುವುದಿಲ್ಲ, ಬೇರೆ ಬಲಗಳು ಮುಂದೆ ಬರುತ್ತವೆ. ಜಗಳವಾಡಿದವರಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ವೇಗದಲ್ಲಿ, ಒಂದೊಂದು ದ್ರವದಲ್ಲಿ ನೋಡಿದ್ದರು, ಅಷ್ಟೇ.

ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಗುಳ್ಳೆಯ ಒಳಗಿರುವುದು ಗಾಳಿ. ತೂಕ ಇಲ್ಲವೆಂದೇ ಹೇಳಬೇಕು. ತೂಕವಿಲ್ಲದ್ದನ್ನು ಅಲುಗಾಡಿಸಲು ಬಲ ಯಾಕೆ ಬೇಕು? ಯಾಕೆಂದರೆ ಗುಳ್ಳೆ ಸುಮ್ನೆ ಏಳಲು ಆಗುವುದಿಲ್ಲ. ಸುತ್ತಲಿನ ನೀರನ್ನು ತಳ್ಳಿಕೊಂಡೇ ಏಳಬೇಕು. ಜಾತ್ರೆಯ ಜನರ ನಡುವೆ ಬರಿಗೈಯಲ್ಲಿ ನುಗ್ಗಿದರೂ ಮೈ ಭಾರ ಅನ್ನಿಸುತ್ತದಲ್ಲ, ಹಾಗೆ. ತೂತಿನ ಹತ್ತಿರ ಇರುವ ಗುಳ್ಳೆಗೆ, ಅದು ಜಾಗ ಬಿಡಿಸಿದ ನೀರಿನ ತೂಕದ 11/16 ಪಾಲು ಇಲ್ಲದ ಭಾರವಾಗಿ ಅಂಟಿಕೊಳ್ಳುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉತ್ತರ ಎಲ್ಲೋ ಹೋಗುತ್ತದೆ.

ಅಜ್ಜಿಯ ಕಡೆಗೋಲು

ಗುಳ್ಳೆಯಿಂದ ಹನಿಗೆ ಬರುವುದು ಸಣ್ಣ ಹೆಜ್ಜೆ. ಗಾಳಿಯ ಬದಲು ಎಣ್ಣೆ ಹಾಕಿದರಾಯಿತು. ಆದರೆ ಎಣ್ಣೆ ಮತ್ತು ನೀರನ್ನು ಕಲಕುವಾಗ ಒಂದು ವಿಚಿತ್ರ ನಡೆಯುತ್ತದೆ. ಅದನ್ನು ನಮ್ಮ ಅಜ್ಜಿಯಂದಿರು ವಾರಕ್ಕೆರಡು ಸಲ ನೋಡುತ್ತಿದ್ದರು.

ಮೊಸರಿನಲ್ಲಿ ನೀರಿನ ನಡುವೆ ಕೊಬ್ಬಿನ ಸಣ್ಣ ಹನಿಗಳು ತೇಲುತ್ತಿರುತ್ತವೆ. ಕಡೆಯುತ್ತೀರಿ, ಕಡೆಯುತ್ತೀರಿ, ಏನೂ ಆಗುವುದಿಲ್ಲ. ಒಂದು ಗಳಿಗೆಯಲ್ಲಿ ಕಡೆಗೋಲಿನ ಸದ್ದೇ ಬದಲಾಗುತ್ತದೆ. ಬೆಣ್ಣೆ ಬಂತು! ಬೆಣ್ಣೆಯೊಳಗೆ ನೋಡಿದರೆ ಕಥೆ ತಿರುಗಾಮುರುಗಾ. ಈಗ ಕೊಬ್ಬೇ ಸುತ್ತಲೂ, ನೀರೇ ಅದರೊಳಗೆ ಸಣ್ಣ ಹನಿ. ಅತಿಥಿ ಯಜಮಾನನಾದ, ಯಜಮಾನ ಅತಿಥಿಯಾದ. ಬೆಣ್ಣೆಯಲ್ಲಿ ಇದಕ್ಕೆ ಗಾಳಿಯೂ ಬೇಕು, ತಂಪೂ ಬೇಕು, ಅದಕ್ಕೇ ಅಜ್ಜಿ ತಣ್ಣೀರು ಹಾಕುತ್ತಿದ್ದದ್ದು. ಮೂಲ ಆಟ ಮಾತ್ರ ಇದೇ.

ಕಾರ್ಖಾನೆಗಳಲ್ಲಿ ಈ ಮಗುಚಾಟ ಬೇಡದ ಹೊತ್ತಿನಲ್ಲಿ ಆದರೆ ಗೋಳು. ಒಂದು ದ್ರವದಲ್ಲಿ ಕರಗಿದ ಲೋಹವನ್ನೋ ಔಷಧಿಯನ್ನೋ ಇನ್ನೊಂದು ದ್ರವಕ್ಕೆ ಎಳೆದುಕೊಳ್ಳಲು ಎರಡನ್ನೂ ಜೋರಾಗಿ ಕಲಕುತ್ತಾರೆ, ಆಮೇಲೆ ಬೇರೆಯಾಗಲು ಬಿಡುತ್ತಾರೆ. ಯಾವುದು ಹನಿ, ಯಾವುದು ಸುತ್ತಲಿನದು ಎಂಬುದು ತಿರುಗಿಬಿದ್ದರೆ ಆ ಬೇರೆಯಾಗುವ ಲೆಕ್ಕವೆಲ್ಲ ಕೆಡುತ್ತದೆ. ಎಷ್ಟು ಎಣ್ಣೆ ಸೇರಿಸಿದಾಗ ಹೀಗೆ ಮಗುಚುತ್ತದೆ? ಎರಡು ದ್ರವಗಳ ಗುಣ, ಕಲಕುವ ವೇಗ ಇಷ್ಟು ಗೊತ್ತಾದರೆ ಸಾಕು ಅನ್ನಿಸುತ್ತದೆ. 1991ರಲ್ಲಿ ಸಂಜೀವ್ ಕುಮಾರ್, ರಾಜಿಂದರ್ ಕುಮಾರ್ ಮತ್ತು ಕೆ. ಎಸ್. ಗಾಂಧಿ ಇನ್ನೊಂದು ಕಡೆ ಕೈ ತೋರಿಸಿದರು. ಕಲಕುವ ರೆಕ್ಕೆಯ ಮೈ ನೋಡಿ ಎಂದರು. ಅದಕ್ಕೆ ನೀರು ಅಂಟುತ್ತದೋ ಎಣ್ಣೆ ಅಂಟುತ್ತದೋ ಎಂಬುದರ ಮೇಲೂ ಮಗುಚುವ ಗಳಿಗೆ ನಿಂತಿದೆ. ಅಂದರೆ ಕಡೆಗೋಲು ಬರೀ ತಿರುಗಿಸುವ ಕೋಲಲ್ಲ, ಆಟದಲ್ಲಿ ಅದೂ ಒಬ್ಬ ಆಟಗಾರ.

ಇಲ್ಲಿಂದ ಪ್ರಶ್ನೆ ಇನ್ನೊಂದು ಕಡೆ ಹೊರಳುತ್ತದೆ. ತೊಟ್ಟಿಯಲ್ಲಿ ಕೋಟಿಗಟ್ಟಲೆ ಹನಿಗಳು. ಕ್ಷಣಕ್ಷಣಕ್ಕೂ ದೊಡ್ಡ ಹನಿ ಒಡೆಯುತ್ತದೆ, ಸಣ್ಣವು ಡಿಕ್ಕಿ ಹೊಡೆದು ಒಂದಾಗುತ್ತವೆ. ಯಾವ ಗಾತ್ರದ್ದು ಎಷ್ಟಿವೆ? ಇದು ಜನಗಣತಿಯ ಕೆಲಸ. ಹನಿಗಳಿಗೂ ಹುಟ್ಟು ಸಾವು ಇದೆ. ಆದರೆ ಸಾಧ್ಯವಿರುವ ಪ್ರತಿ ಗಾತ್ರಕ್ಕೂ ಒಂದು ಖಾತೆ ತೆರೆದರೆ ಕಂಪ್ಯೂಟರ್ ಕೂಡ ಸುಸ್ತು. ಹಾಗಾಗಿ ಕೆಲವೇ ಗಾತ್ರಗಳನ್ನು ಆರಿಸಿಕೊಂಡು ಉಳಿದವನ್ನು ಅವುಗಳೊಳಗೆ ಸೇರಿಸಬೇಕು. ಸೇರಿಸುವಾಗಲೇ ಎಡವಟ್ಟು. ನಿಮ್ಮ ಬಳಿ 5 ಕೆಜಿ ಮತ್ತು 10 ಕೆಜಿ ಚೀಲದ ಖಾತೆ ಮಾತ್ರ ಇದೆ, ಬಂದದ್ದು 7 ಕೆಜಿ ಚೀಲ ಎಂದುಕೊಳ್ಳಿ. ಅದನ್ನು 5ರ ಖಾತೆಗೆ ಹಾಕಿದರೆ 2 ಕೆಜಿ ಮಾಯ. 10ರ ಖಾತೆಗೆ ಹಾಕಿದರೆ 3 ಕೆಜಿ ಇಲ್ಲದ್ದು ಬಂತು. ಸಂಜೀವ್ ಕುಮಾರ್ ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಡಿ. ರಾಮಕೃಷ್ಣ 1996ರಲ್ಲಿ ಪ್ರಕಟಿಸಿದ ಉಪಾಯ ಹೀಗಿದೆ. ಆ ಚೀಲವನ್ನು 0.6 ಪಾಲು 5ರ ಖಾತೆಗೆ, 0.4 ಪಾಲು 10ರ ಖಾತೆಗೆ ಬರೆಯಿರಿ. ಚೀಲದ ಸಂಖ್ಯೆ ಒಟ್ಟು ಒಂದೇ. ತೂಕ 3 ಮತ್ತು 4 ಸೇರಿ 7. ಎರಡೂ ಸರಿಹೋಯಿತು! ಅಂಗಡಿ ಶೆಟ್ಟರು ನೋಡಿದರೆ ಇದರಲ್ಲೇನು ಮಹಾ ಅಂದಾರು. ಆದರೆ ಈ ಲೆಕ್ಕ ಹನಿಯನ್ನು ದಾಟಿ ಹರಳು ಬೆಳೆಸುವವರಿಗೂ ಗಾಳಿಯ ಧೂಳು ಎಣಿಸುವವರಿಗೂ ಉಪಯೋಗಕ್ಕೆ ಬಂತು.

ಪ್ರಶಸ್ತಿಗಳ ವಿಷಯ ಬೇಗ ಮುಗಿಸಿಬಿಡೋಣ. ರಾಜಿಂದರ್ ಕುಮಾರ್ ಅವರಿಗೆ 1976ರಲ್ಲಿ ಭಟ್ನಾಗರ್ ಪ್ರಶಸ್ತಿ, 2003ರಲ್ಲಿ ಪದ್ಮಭೂಷಣ. ಇದೇ ವಿಭಾಗದ ವಿ. ಕುಮಾರನ್ ಅವರಿಗೆ 2000ದಲ್ಲಿ, ಗಿರಿಧರ್ ಮದ್ರಾಸ್ ಅವರಿಗೆ 2009ರಲ್ಲಿ ಭಟ್ನಾಗರ್. ಕುಮಾರನ್ ಅವರಿಗೆ 2016ರಲ್ಲಿ ಇನ್ಫೋಸಿಸ್ ಪ್ರಶಸ್ತಿಯೂ ಬಂತು. ಭಟ್ನಾಗರ್ ಕೊಡುತ್ತಿದ್ದದ್ದು 45 ವರ್ಷದ ಒಳಗಿನವರಿಗೆ, ಹಾಗಾಗಿ ಅದು ಹರೆಯದ ಕೆಲಸಕ್ಕೆ ಸಿಕ್ಕ ಮನ್ನಣೆ. ನಾನು ಮಾತ್ರ ವಿಭಾಗವೊಂದನ್ನು ಅಳೆಯುವುದು ಬೇರೆ ಸೇರಿನಿಂದ. ಒಂದು ತಲೆಮಾರಿನ ಪ್ರಶ್ನೆ ಮುಂದಿನವರ ಕೈಗೆ ಬಂದಾಗ ಹೊಸ ಪ್ರಶ್ನೆಯಾಯಿತಾ, ಇಲ್ಲ ಹಳೆಯದನ್ನೇ ಅರೆದರಾ? ಗುಳ್ಳೆ ಹನಿಯಾಗಿ, ಹನಿ ಜನಗಣತಿಯಾದ ಈ ಸರಣಿಯ ಬೆಲೆ ಯಾವ ಫಲಕಕ್ಕಿಂತಲೂ ಜಾಸ್ತಿ ಎಂದು ನನ್ನ ಅನಿಸಿಕೆ.

ಗೋಡೆ ಮೆತ್ತಗಾದರೆ

ದೇವರ ಮುಂದೆ ಊದುಬತ್ತಿ ಹಚ್ಚಿ, ಫ್ಯಾನು ಆರಿಸಿ ನೋಡಿ. ಹೊಗೆ ಮೊದಲು ದಾರದಂತೆ ನೆಟ್ಟಗೆ ಏಳುತ್ತದೆ. ಒಂದು ಗೇಣು ಮೇಲೆ ಹೋದಮೇಲೆ ಸುರುಳಿ ಸುರುಳಿಯಾಗಿ ಚದುರುತ್ತದೆ. ಕೊಳವೆಯಲ್ಲಿ ಹರಿಯುವ ನೀರಿಗೂ ಈ ಎರಡು ಸ್ವಭಾವ ಇದೆ. ಶಿಸ್ತು ಮತ್ತು ಗದ್ದಲ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ನೀರು ಹರಿಸಿ, ನಡುವೆ ಬಣ್ಣದ ಒಂದು ಎಳೆ ಬಿಟ್ಟು ಇದನ್ನು ತೋರಿಸಿದರು. ನೀರಿನ ರಭಸ ಒಂದು ಕಡೆ, ಅದರ ಅಂಟುತನ ಇನ್ನೊಂದು ಕಡೆ. ಈ ಎರಡರ ಹಗ್ಗಜಗ್ಗಾಟವನ್ನು ಒಂದೇ ಸಂಖ್ಯೆಯಲ್ಲಿ ಹೇಳಬಹುದು. ಅದಕ್ಕೆ ರೆನಾಲ್ಡ್ಸ್ ಸಂಖ್ಯೆ ಎನ್ನುತ್ತೇವೆ. ದುಂಡು ಕೊಳವೆಯಲ್ಲಿ ಅದು ಸುಮಾರು 2000 ದಾಟಿದರೆ ಗದ್ದಲ ಶುರು. ಎಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಬಾಯಿಪಾಠ ಮಾಡುವ ಅಂಕಿ ಇದು.

ಆದರೆ ರೆನಾಲ್ಡ್ಸ್ ಕೊಳವೆ ಗಾಜಿನದು, ಗಟ್ಟಿ. ನಮ್ಮ ಮೈಯೊಳಗಿನ ರಕ್ತನಾಳ ಗಟ್ಟಿ ಇಲ್ಲ. ಗೋಡೆಯೇ ಮೆತ್ತಗಿದ್ದರೆ? ಕುಮಾರನ್ 1990ರ ದಶಕದಿಂದ ಈ ಪ್ರಶ್ನೆಯನ್ನು ಗಣಿತದಲ್ಲಿ ಬಿಡಿಸುತ್ತ ಬಂದರು. ಅದರ ತಿರುಳು ಇಷ್ಟು. ಹರಿಯುವ ನೀರು ಮೆತ್ತನೆ ಗೋಡೆಯನ್ನು ಅಲುಗಿಸುತ್ತದೆ. ಅಲುಗಿದ ಗೋಡೆ ನೀರನ್ನು ಕೆದಕುತ್ತದೆ. ಒಬ್ಬರಿಗೊಬ್ಬರು ಕುಮ್ಮಕ್ಕು ಕೊಡುತ್ತ ಗದ್ದಲ ಬೇಗ ಏಳುತ್ತದೆ.

ನಂತರ ಪ್ರಯೋಗ. 2013ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ 0.1 ಮತ್ತು 0.16 ಮಿಲಿಮೀಟರ್ ಎತ್ತರದ, ಅಂದರೆ ಹೆಚ್ಚುಕಡಿಮೆ ಒಂದು ಕಾಗದದಷ್ಟು ಸಂದಿನ ಕಾಲುವೆಗಳು. ಒಂದು ಗೋಡೆ ಮಾತ್ರ ಮೆತ್ತನೆಯ ಜೆಲ್‌ನದು. ಇದರಲ್ಲಿ ಗದ್ದಲ ಶುರುವಾದದ್ದು ರೆನಾಲ್ಡ್ಸ್ ಸಂಖ್ಯೆ ಬರೀ 200 ಇದ್ದಾಗ. ಗೋಡೆ ಗಟ್ಟಿಯಾಗಿದ್ದರೆ ಇಂಥ ಕಾಲುವೆಗೆ 1200 ಬೇಕಿತ್ತು.

ಇಷ್ಟಕ್ಕೆ ಯಾಕೆ ಸಡಗರ? ಇಷ್ಟು ಸಣ್ಣ ಸಂದಿಯಲ್ಲಿ ಎರಡು ದ್ರವ ಬೆರೆಯುವುದು ದೊಡ್ಡ ತಲೆನೋವು. ಅಲ್ಲಿ ಹರಿವು ಅತಿ ಶಿಸ್ತಿನದು. ಹಾಲು ಮತ್ತು ಡಿಕಾಕ್ಷನ್ ಅಕ್ಕಪಕ್ಕ ಹರಿದರೂ ಕಾಫಿಯಾಗುವುದಿಲ್ಲ. ತಾವಾಗಿ ಒಂದರೊಳಗೊಂದು ಇಂಗುವವರೆಗೆ ಕಾಯಬೇಕು. ಚಮಚ ಹಾಕಿ ಕಲಕಲು ಜಾಗವೂ ಇಲ್ಲ. ಒಂದು ಹನಿ ರಕ್ತದಲ್ಲಿ ಪರೀಕ್ಷೆ ಮಾಡುವ ಪುಟ್ಟ ಸಾಧನಗಳಿಗೆಲ್ಲ ಇದೇ ತೊಡಕು. ಮೆತ್ತನೆ ಗೋಡೆಯ ಕಾಲುವೆಯಲ್ಲಿ ಬೆರೆಯುವ ಸಮಯ ಒಂದು ಲಕ್ಷ ಪಟ್ಟು ಇಳಿಯಿತು. ಲೆಕ್ಕ ಹಾಕಿ ನೋಡಿ. ಒಂದು ದಿನಕ್ಕೆ 86,400 ಸೆಕೆಂಡು. ಅಂದರೆ ದಿನವಿಡೀ ಹಿಡಿಯುವ ಕೆಲಸ ಒಂದು ಸೆಕೆಂಡಿನ ಒಳಗೆ. ಅದಕ್ಕಾಗಿ ನೀರನ್ನು ತಳ್ಳಲು ಬೇಕಾದ ಒತ್ತಡ ಹೆಚ್ಚಿದ್ದು ಸ್ವಲ್ಪವೇ. ಚಮಚ ಇಲ್ಲದೆ, ಲೋಟದ ಗೋಡೆಯೇ ಕಾಫಿ ಕಲಕಿತು.

ಕಣಜದ ತಳದಲ್ಲಿ

ಇದೇ ರೆನಾಲ್ಡ್ಸ್ 1885ರಲ್ಲಿ ಇನ್ನೊಂದು ಸಂಗತಿಯ ಬಗ್ಗೆ ಬರೆದರು. ಮಲ್ಪೆಗೋ ಗೋಕರ್ಣಕ್ಕೋ ಹೋದಾಗ ನೀವೂ ನೋಡಿರುತ್ತೀರಿ. ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಕಾಲಿಟ್ಟರೆ, ಕಾಲಿನ ಸುತ್ತ ಮರಳು ಫಕ್ಕನೆ ಒಣಗಿದಂತೆ ಕಾಣುತ್ತದೆ. ಒತ್ತಿದರೆ ನೀರು ಮೇಲೆ ಬರಬೇಕಿತ್ತಲ್ಲ? ಆಗುವುದು ಉಲ್ಟಾ. ಒತ್ತೊತ್ತಾಗಿ ಕೂತ ಮರಳಿನ ಕಣಗಳು ಸರಿಯಬೇಕಾದರೆ ಒಂದರ ಮೇಲೊಂದು ಹತ್ತಿ ದಾಟಬೇಕು. ಆಗ ನಡುವಿನ ಸಂದು ದೊಡ್ಡದಾಗುತ್ತದೆ, ಮೇಲಿನ ನೀರು ಆ ಸಂದಿಗೆ ಇಳಿಯುತ್ತದೆ. ಕಣಗಳ ರಾಶಿ ಅಲುಗಿದರೆ ಹಿಗ್ಗುತ್ತದೆ. ನೀರಿಗೆ ಈ ಗುಣ ಇಲ್ಲ.

ಕಾಳಿನ ರಾಶಿ ನೀರಿನಂತೆ ಅಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಕಣಜ. ನೀರಿನ ತೊಟ್ಟಿಯಲ್ಲಿ ಆಳ ಹೆಚ್ಚಿದಷ್ಟೂ ತಳದ ಒತ್ತಡ ಹೆಚ್ಚುತ್ತಲೇ ಹೋಗುತ್ತದೆ. ಕಣಜದಲ್ಲಿ ಹಾಗಲ್ಲ. ಸ್ವಲ್ಪ ಆಳದವರೆಗೆ ಒತ್ತಡ ಏರುತ್ತದೆ, ಆಮೇಲೆ ಎಷ್ಟು ರಾಗಿ ಸುರಿದರೂ ತಳಕ್ಕೆ ಗೊತ್ತೇ ಆಗುವುದಿಲ್ಲ. ಕಾಳುಗಳು ಪಕ್ಕಕ್ಕೆ ಒತ್ತಿ ಗೋಡೆಗೆ ಆತುಕೊಳ್ಳುತ್ತವೆ. ಗೋಡೆಯ ಘರ್ಷಣೆ ಮೇಲಿನ ಭಾರವನ್ನು ಹೊರುತ್ತದೆ. ಜರ್ಮನಿಯ ಯಾನ್ಸೆನ್ ಎಂಬ ಎಂಜಿನಿಯರ್ 1895ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಕಣಜದ ತಳ ಕುಸಿಯುವುದಕ್ಕಿಂತ ಗೋಡೆ ಸೊಟ್ಟಗಾಗುವ ಭಯವೇ ಜಾಸ್ತಿ.

ಇನ್ನು ಆರಂಭದಲ್ಲಿ ಹೇಳಿದ ಡಬ್ಬಿಗಳು. ವಿಭಾಗದ ಪ್ರಭು ನಾಟ್ ಮತ್ತು ಅವರ ವಿದ್ಯಾರ್ಥಿಗಳು ಎರಡು ಸಿಲಿಂಡರುಗಳ ನಡುವೆ ಕಣಗಳನ್ನು ತುಂಬಿ ಹೊರಗೋಡೆಯ ಮೇಲಿನ ಒತ್ತಡ ಅಳೆದರು. ಸುಮ್ನೆ ಇದ್ದಾಗ ಎಲ್ಲವೂ ಯಾನ್ಸೆನ್ ಹೇಳಿದಂತೆ. ಒಳಗಿನ ಸಿಲಿಂಡರನ್ನು ಮೆಲ್ಲಗೆ ತಿರುಗಿಸಿದಾಗ ಕಥೆ ಬುಡಮೇಲು. ಆಳಕ್ಕೆ ಹೋದಂತೆ ಒತ್ತಡ ನೀರಿನಂತೆ ಒಂದೇ ಹದದಲ್ಲಿ ಏರಲಿಲ್ಲ. ಚಕ್ರಬಡ್ಡಿಯಂತೆ ಏರಿತು! ಗೋಡೆಯ ಘರ್ಷಣೆಯ ದಿಕ್ಕೂ ತಿರುಗಿತ್ತು. ಕಾಳುಗಳನ್ನು ಎತ್ತಿ ಹಿಡಿಯಬೇಕಾದ ಗೋಡೆ ಅವನ್ನು ಕೆಳಗೆ ಅದುಮುತ್ತಿತ್ತು. 2012ರಲ್ಲಿ ಇದನ್ನು ಪ್ರಕಟಿಸಿದಾಗ ಅದೊಂದು ಒಗಟು.

ಉತ್ತರ ಬಂದದ್ದು 2016ರಲ್ಲಿ, ಕೆ. ಪಿ. ಕೃಷ್ಣರಾಜ್ ಜೊತೆ ನಾಟ್ ಬರೆದ ಪ್ರಬಂಧದಲ್ಲಿ. ಕಂಪ್ಯೂಟರಿನಲ್ಲಿ ಒಂದೊಂದು ಕಣದ ಚಲನೆ ಲೆಕ್ಕ ಹಾಕಿದರು, ಪ್ರಯೋಗದಲ್ಲಿ ಚಿತ್ರವನ್ನೂ ತೆಗೆದರು. ಕಣಗಳು ಬರೀ ಸುತ್ತು ಹಾಕುತ್ತಿರಲಿಲ್ಲ. ಇಡೀ ರಾಶಿಯಲ್ಲಿ ಒಂದೇ ಒಂದು ದೊಡ್ಡ ಸುಳಿ ಮೇಲೆ ಕೆಳಗೆ ಮಗುಚುತ್ತಿತ್ತು. ದ್ರವದಲ್ಲಿ ಏಳುವ ಸುಳಿಗೆ ಇದರ ದಿಕ್ಕು ಉಲ್ಟಾ. ಅದನ್ನು ನಡೆಸುತ್ತಿದ್ದದ್ದು ಕಡಲ ತೀರದ ಮರಳಿನ ಅದೇ ಹಿಗ್ಗುವಿಕೆ, ಜೊತೆಗೆ ಭೂಮಿಯ ಸೆಳೆತ. ಹಿಗ್ಗಿ ಸಡಿಲಾದ ಕಡೆ ಕಣಗಳು ಇಳಿಯುತ್ತವೆ. ಹೊರಗೋಡೆಯ ಬಳಿ ಮೇಲೇರುತ್ತವೆ. ಏರುವವನ್ನು ಗೋಡೆ ಉಜ್ಜಿ ಕೆಳಗೆ ತಳ್ಳುತ್ತದೆ. ಅಲ್ಲಿಗೆ ಒತ್ತಡದ ಒಗಟು ಬಿಡಿಸಿತು.

ಇದೇ ವಿಭಾಗದ ಕೆ. ಕೇಶವ ರಾವ್ ಮತ್ತು ನಾಟ್ ಸೇರಿ ಕಣಗಳ ಹರಿವಿನ ಬಗ್ಗೆ ಒಂದು ಪಠ್ಯಪುಸ್ತಕವನ್ನೇ ಬರೆದಿದ್ದಾರೆ. 2008ರಲ್ಲಿ ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್ ಹೊರತಂದಿತು. ಅಷ್ಟಾದರೂ ನೀರಿನ ಹರಿವಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಸಿಕ್ಕಂಥ ಒಂದು ಸಮೀಕರಣ ರಾಗಿಯ ಹರಿವಿಗೆ ಇನ್ನೂ ಸಿಕ್ಕಿಲ್ಲ. ಮಾತ್ರೆ ತಯಾರಿಸುವವರಿಂದ ಸಿಮೆಂಟಿನವರವರೆಗೆ ಎಲ್ಲರೂ ಪುಡಿಯನ್ನು ಲಾಳಿಕೆಯಿಂದ ಇಳಿಸಬೇಕು, ಅದು ನಡುದಾರಿಯಲ್ಲಿ ಕಮಾನು ಕಟ್ಟಿ ನಿಂತುಬಿಡುತ್ತದೆ. ಆಗ ಲಾಳಿಕೆಗೆ ಹೊರಗಿನಿಂದ ಸುತ್ತಿಗೆ ಏಟು. ಹಳೆಯ ಕಾರ್ಖಾನೆಗಳಲ್ಲಿ ಆ ಏಟಿಗೆ ತಗ್ಗು ಬಿದ್ದ ಲಾಳಿಕೆಗಳನ್ನು ನೋಡಬಹುದು. ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲೂ ಅಷ್ಟೇ. ರಾಗಿ ಇಳಿಯುವುದು ನಿಂತ ಕೂಡಲೇ ಗಿರಣಿಯವರು ಪಕ್ಕದಲ್ಲಿಟ್ಟ ಮರದ ತುಂಡು ಎತ್ತಿ ಎರಡು ಸಲ ಬಡಿಯುತ್ತಾರೆ, ಕಿವಿಯನ್ನು ಮಾತ್ರ ನಮ್ಮ ಮಾತಿಗೇ ಕೊಟ್ಟು. ಮೂರನೇ ಏಟು ಬೇಕಾದದ್ದನ್ನು ನಾನು ನೋಡಿಲ್ಲ.